ಎರಡು ಹೆಸರಿನ ಪೊರಕೆ

ಸರ್ಕಾರಿ ಬ್ಯಾಂಕಿನ ಆ ಶಾಖೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಟರ್ ಎತ್ತುತ್ತಿದ್ದವಳು ಪೊರಕೆಯಕ್ಕ. ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ತಿಜೋರಿ ಕೋಣೆಯ ಬಾಗಿಲ ತನಕ ನೆಲ ಒರೆಸಿ, ಮ್ಯಾನೇಜರ ಮೇಜಿನ ಗಾಜು ಉಜ್ಜಿ, ಗೋಡೆಯ ಮೇಲಿನ ‘ದೇಶದ ಹಣ ದೇಶದ ಕೈಯಲ್ಲಿ’ ಎಂಬ ಹಲಗೆಯ ಧೂಳನ್ನೂ ಅವಳೇ ಹೊಡೆಯುತ್ತಿದ್ದಳು. ಬಡವರ ಉಳಿತಾಯ ಕೂಡಿಸಿ ರಸ್ತೆಗೆ, ಅಣೆಕಟ್ಟಿಗೆ, ಕಾರ್ಖಾನೆಗೆ ಕೊಟ್ಟ ಬ್ಯಾಂಕು ಅದು, ಸುಳ್ಳಲ್ಲ. ಆ ಹಿರಿಮೆಯನ್ನು ಕೊಂಡಾಡಲು ಬಂದವರಿಗೆ ಕುರ್ಚಿ ಹಾಕುತ್ತಿದ್ದವಳೂ ಅವಳೇ.

ಆದರೆ ಅವಳು ಬ್ಯಾಂಕಿನವಳಲ್ಲ, ‘ತಾತ್ಕಾಲಿಕ’. ಗಂಡ ಸತ್ತ ವರ್ಷ ಸೇರಿದವಳು ಮೊಮ್ಮಗುವನ್ನು ಎತ್ತಿ ಆಡಿಸಿದರೂ ತಾತ್ಕಾಲಿಕವಾಗಿಯೇ ಉಳಿದಿದ್ದಳು. ಒಬ್ಬರೇ ಸತತವಾಗಿ ದುಡಿದರೆ ನಾಳೆ ಕಾಯಂ ಮಾಡಿ ಎಂದು ಕೇಳಿಬಿಟ್ಟಾರಲ್ಲ! ಅದಕ್ಕೆ ಮ್ಯಾನೇಜರು ಒಂದು ಉಪಾಯ ಹೂಡಿದ್ದರು. ಮೂರು ತಿಂಗಳು ಸಂಬಳ ಅವಳ ಹೆಸರಿಗೆ, ಮುಂದಿನ ಮೂರು ತಿಂಗಳು ಅವಳ ನಾದಿನಿಯ ಹೆಸರಿಗೆ. ಪೊರಕೆ ಮಾತ್ರ ಒಂದೇ ಕೈಯಲ್ಲಿ. ನಾದಿನಿ ಬಂದು ಹೆಬ್ಬೆಟ್ಟು ಒತ್ತಿ, ಹಣವನ್ನು ಅತ್ತಿಗೆಗೆ ಕೊಟ್ಟು ಹೋಗುತ್ತಿದ್ದಳು. ಸಾಹೇಬರು ಹೇಗೋ ಹೊಟ್ಟೆಪಾಡಿಗೆ ದಾರಿ ಮಾಡಿದರೆಂದು ಪೊರಕೆಯಕ್ಕ ಕೈ ಮುಗಿಯುತ್ತಿದ್ದಳು. ಮ್ಯಾನೇಜರುಗಳು ಬದಲಾದರು. ಉಪಾಯ ಬದಲಾಗಲಿಲ್ಲ.

ಕೊನೆಗೂ, ಸತತ ಸೇವೆಯವರನ್ನು ಕಾಯಂ ಮಾಡುವ ಆದೇಶ ಬಂತು. ಒಗೆದ ಸೀರೆಯುಟ್ಟು ಅವಳು ಮುಖ್ಯ ಕಚೇರಿಯಿಂದ ಶಾಖೆಗೆ ಬಂದ ಅಧಿಕಾರಿಯ ಮುಂದೆ ನಿಂತಳು. ಪಕ್ಕದ ಕೋಣೆಯಲ್ಲಿ, ಕೋಟಿಗಟ್ಟಲೆ ಸಾಲಕ್ಕೆ ನಾಮ ಹಾಕಿದ್ದ ಗಿರಣಿ ಮಾಲೀಕ ಕಾಲ ಮೇಲೆ ಕಾಲು ಹಾಕಿ ಕಾಫಿ ಹೀರುತ್ತಿದ್ದ. ಅವನ ಬಡ್ಡಿ ಮನ್ನಾ ಮಾಡುವುದು ದೇಶದ ಹಿತವಂತೆ.

ನಡುನಡುವೆ ಕೆಲಸ ಯಾಕೆ ಬಿಟ್ಟೆ ಎಂದು ಅಧಿಕಾರಿ ಕೇಳಿದರು. ಬಿಟ್ಟೇ ಇಲ್ಲ, ನಾದಿನಿಯ ಹೆಸರಿನ ತಿಂಗಳಲ್ಲೂ ತಾನೇ ಗುಡಿಸಿದ್ದೇನೆ ಎಂದು ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು.

“ಅಂದ್ರೆ ಇನ್ನೊಬ್ಬರ ಹೆಸರಲ್ಲಿ ಸಂಬಳ ಎತ್ತಿದೀಯ. ಮೋಸ ಅಲ್ವೇನಮ್ಮ ಇದು? ಪೊಲೀಸರಿಗೆ ಕೊಡ್ಬೇಕಾಗುತ್ತೆ, ಗೊತ್ತಾ?”

ಅವಳು ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ ಮುಖ ನೋಡಿದಳು. ಅವರು ಕನ್ನಡಕ ಒರೆಸುತ್ತಿದ್ದರು. ಅಷ್ಟು ಒರೆಸುವ ಕೊಳೆ ಆ ಗಾಜಿನಲ್ಲಿರಲಿಲ್ಲ.

ಕೆಲಸ ಕಾಯಂ ಆಗಲಿಲ್ಲ. ಅಧಿಕಾರಿಯ ಕಾರು ಹೋದ ಮೇಲೆ ಮ್ಯಾನೇಜರು ಬೆಣ್ಣೆ ಹಚ್ಚಿದರು: ಬೇಜಾರು ಮಾಡಿಕೊಳ್ಳಬೇಡ, ಮುಂದಿನ ತಿಂಗಳಿಂದ ಎಂದಿನಂತೆ ನಾದಿನಿಯನ್ನು ಕಳಿಸು. ಸಂಜೆ ಆ ಮಾತು ಕೇಳಿದ ನಾದಿನಿ ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು.

“ಅತ್ತಿಗೆ, ನಿನ್ನ ಕುತ್ತಿಗೆ ಮೇಲೆ ನಾನಿನ್ನು ಹೆಬ್ಬೆಟ್ಟು ಒತ್ತಲ್ಲ.”

ಮರುದಿನ ಪೊರಕೆಯಕ್ಕ ಶಟರ್ ಎತ್ತಿದಳು, ಗುಡಿಸಲಿಲ್ಲ. ಪೊರಕೆ ಹಿಡಿದು ಹಲಗೆಯ ಕೆಳಗೆ ನಿಂತಳು. ಜನ ತುಂಬಿದರು. ನಿನ್ನೆಯ ಹರಿದ ಚೀಟಿಗಳನ್ನು ತುಳಿದುಕೊಂಡು ಬಂದ ಮ್ಯಾನೇಜರು ಏನಿದು ಗಲೀಜು ಎಂದು ಗದರಿದರು. ಅವಳು ಕೌಂಟರಿನ ಉದ್ದಕ್ಕೂ ಕೇಳಿಸುವಂತೆ ಕೇಳಿದಳು:

“ಇವತ್ತು ಯಾರ ಹೆಸರಲ್ಲಿ ಗುಡಿಸ್ಲಿ ಸಾರ್?”

ಒಳಗೆ ಬಾ, ಮಾತಾಡೋಣ ಎಂದು ಅವರು ದನಿ ತಗ್ಗಿಸಿದರು. ಸಾಲಿನಲ್ಲಿದ್ದ ಒಬ್ಬ ಮುದುಕ, ಇಲ್ಲೇ ಹೇಳಿ ಸ್ವಾಮಿ, ನಾವೂ ಕೇಳ್ತೀವಿ ಎಂದ. ಪೊರಕೆಯಕ್ಕ ಸೊಂಟದಿಂದ ಬೀಗದ ಕೈ ತೆಗೆದು ಕೌಂಟರಿನ ಮೇಲಿಟ್ಟು, ಪೊರಕೆಯನ್ನು ಮ್ಯಾನೇಜರ ಬಾಗಿಲಿಗೆ ಒರಗಿಸಿ, ಮೆಟ್ಟಿಲಿಳಿದಳು.