ಹೆಪ್ಪಾಗದ ಹಾಲು

ಮೊನ್ನೆ ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಚಳಿಗೆ ಮೊಸರಾಗಿರಲಿಲ್ಲ, ಅಷ್ಟೇ. ಆದರೂ ಆ ಸಪ್ಪೆ ವಾಸನೆ ಮೂಗಿಗೆ ಬಡಿದದ್ದೇ ಶಂಕರಪುರದ ಪಕ್ಕದ ಮನೆ ಅಕ್ಕ ನೆನಪಾದಳು...

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ. ನನಗೆ ಹನ್ನೊಂದು, ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಕ್ಕನ ಗಂಡನನ್ನು ಭಾವ ಎನ್ನುತ್ತಿದ್ದೆ. ಅವರಿಗೆ ಹೆದರಿಸುವ ಇಂಗ್ಲಿಷ್ ಸಿನಿಮಾಗಳ ಹುಚ್ಚು. ದಂಡುಪ್ರದೇಶದ ಟಾಕೀಸಿಗೆ ಹೊರಟರೆ ಅಕ್ಕನ ಜೊತೆ ನಾನೂ. ಮಾತನ್ನೆಲ್ಲ ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳುವುದು ನನ್ನ ಕೆಲಸ. ಬರಬರುತ್ತ ಅದೂ ಬೇಕಾಗಲಿಲ್ಲ. ಎಲ್ಲ ಚಿತ್ರದಲ್ಲೂ ಅದೇ ದೊಡ್ಡ ಮನೆ, ಅದೇ ಮೆಟ್ಟಿಲು, ಕನ್ನಡಿಯ ಮುಂದೆ ಬೆವರುವ ಹೆಣ್ಣು. ಅವಳು ಕಂಡದ್ದನ್ನು ಮನೆಯವರು ಮೆತ್ತಗೆ ಇಲ್ಲವೆನ್ನುತ್ತಾರೆ. ಕೊನೆಗೆ ಅವಳೂ ಇಲ್ಲವೆನ್ನುತ್ತಾಳೆ.

"ಈಗ ಹೊರಗಿನೋರು ಒಬ್ರು ಬರ್ತಾರೆ ನೋಡೇ," ಎನ್ನುತ್ತಿದ್ದಳು ಅಕ್ಕ. "ನಾನೂ ನೋಡ್ದೆ ಅಂತಾರೆ. ಅಲ್ಲಿಗೆ ಅವಳನ್ನ ಕೂಡಿಹಾಕಿದ್ದ ಬಾಗ್ಲು ತೆಗೀತು."

"ಪಾಪ, ಆ ಹುಡುಗಿ ಮಾತು ಒಬ್ರೂ ನಂಬಲ್ವಲ್ಲ," ಎಂದು ಭಾವ ಕಣ್ಣೊರೆಸಿಕೊಳ್ಳುತ್ತಿದ್ದರು.

ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ತರಬೇಕೆಂದು ಅಕ್ಕನ ಅತ್ತೆಗೆ ಆಸೆ, ಭಾವ ಒಪ್ಪಿರಲಿಲ್ಲ. ಆಗಲೇ ಅಕ್ಕ ಹೆಪ್ಪು ಹಾಕಿದ ಹಾಲು ಎಷ್ಟೋ ದಿನ ಮೊಸರಾಗದೆ ಉಳಿಯತೊಡಗಿತು. ಆ ಪಾತ್ರೆ ಮಡಿಯದು. ಹೆಪ್ಪು ಹಾಕಿಟ್ಟ ಮೇಲೆ ಅತ್ತೆಯ ಹೊರತು ಯಾರೂ ಮುಟ್ಟುವಂತಿರಲಿಲ್ಲ.

"ಹೆಪ್ಪೇ ಹಾಕಿಲ್ಲ ಕಣಮ್ಮ ನೀನು. ಹಾಕ್ದೆ ಅಂದ್ಕೊಂಡಿದೀಯ. ಹೋಗಿ ಮಲಕ್ಕೋ," ಎನ್ನುವ ಅತ್ತೆಯ ದನಿ ಬೆಣ್ಣೆಯಂತಿರುತ್ತಿತ್ತು. ಅಕ್ಕ ಹೆಪ್ಪು ಹಾಕಿದೊಡನೆ ಬೆರಳಿಗೆ ದಾರ ಕಟ್ಟಿಕೊಳ್ಳತೊಡಗಿದಳು. ಆಮೇಲಾಮೇಲೆ, ಆ ದಾರ ಇವತ್ತಿನದೋ ನಿನ್ನೆಯದೋ ಎಂಬ ಅನುಮಾನ ಬೇರೆ...

ಹಗಲಲ್ಲೇ ಹೆಪ್ಪು ತಾ ಎಂದು ಅಮ್ಮ ಹೇಳಿದ್ದನ್ನು ಒಂದು ದಿನ ಆಟದಲ್ಲಿ ಮರೆತೆ. ದೀಪ ಹಚ್ಚಿದ ಮೇಲೆ ಮೊಸರು ಕೇಳಬಾರದು, ಕೊಡಬಾರದು. ಅಕ್ಕ ಗುಟ್ಟಾಗಿ ಕೊಟ್ಟಾಳೆಂದು ಹಿತ್ತಲಿಂದ ಹೋದೆ. ಅಕ್ಕ ನಡುಮನೆಯಲ್ಲಿ ದೀಪಕ್ಕೆ ಕೈಮುಗಿಯುತ್ತಿದ್ದಳು. ಅಡುಗೆಮನೆಯಲ್ಲಿ ಅವಳ ಅತ್ತೆ, ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಕೆಂಡದ ಮೇಲಿಟ್ಟು ಉಕ್ಕು ಬರಿಸುತ್ತಿದ್ದರು. ನೊರೆ ಊದಿ, ಇಳಿಸಿ, ತಳದ ಬೂದಿ ಒರೆಸಿ, ಇದ್ದಲ್ಲೇ ಇಟ್ಟು ಮುಚ್ಚಿದರು. ಕಾದ ಹಾಲಿನಲ್ಲಿ ಹೆಪ್ಪು ಉಳಿದೀತೇ?

ಹೇಳಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಮೊಸರಿಗೆ ಹೋಗಿದ್ದೂ ಹೇಳಬೇಕು. ಅಮ್ಮನ ಬೈಗುಳ ನೆನೆದು, ನಾಳೆ ಹೇಳೋಣ ಎಂದುಕೊಂಡೆ.

ನಾಳೆ ನಾಳೆ ಎನ್ನುವಷ್ಟರಲ್ಲಿ, ಬುದ್ಧಿ ಸರಿಯಿಲ್ಲವೆಂದು ಅಕ್ಕನನ್ನು ಕೋಣೆಯಲ್ಲಿ ಕೂಡಿ ಹೊರಗಿಂದ ಚಿಲಕ ಹಾಕಿದರು. ಕಿಟಕಿಯ ಸರಳಿಗೆ ಮುಖವಿಟ್ಟು ಕೇಳಿದಳು, "ನೀನಾದ್ರೂ ಹೇಳೇ. ನಾನು ಹೆಪ್ಪು ಹಾಕ್ತಿದ್ದೆ ಅಲ್ವಾ?" ಅವಳ ಹಿಂದೆ, ಆಗಷ್ಟೇ ಒಳಬಂದ ಅತ್ತೆ ಹಾಲಿನ ಲೋಟ ಹಿಡಿದು, ನಗುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಬಿಡು," ಎಂದಳು ಅಕ್ಕ. "ಹಾಕಿರ್ಲಿಲ್ಲ ಅನ್ಸತ್ತೆ."

ಆ ವಾರವೇ ಭಾವ ಇನ್ನೊಂದು ಮದುವೆಗೆ ಒಪ್ಪಿದರು. ಜಟಕಾ ಬಂತು, ಅಕ್ಕನನ್ನು ತವರಿಗೆಂದು ಕರೆದೊಯ್ದರು. ಮತ್ತೆ ಕಾಣಲಿಲ್ಲ...

ಮೊನ್ನೆ ನನ್ನ ಸೊಸೆ ಪಾತ್ರೆ ಬಗ್ಗಿ ನೋಡಿ, "ಹೆಪ್ಪು ಹಾಕಿರ್ಲಿಲ್ವಾ ಅತ್ತೆ?" ಎಂದಳು.

"ಹಾಕಿದ್ದೆ ಕಣಮ್ಮ."

"ಹಾಗಾದ್ರೆ ಚಳಿಗೇ ಇರ್ಬೇಕು. ಇನ್ನೊಂದ್ಸಲ ಕಾಯಿಸಿ ಹಾಕಿದ್ರಾಯ್ತು ಬಿಡಿ."

ಅಷ್ಟು ಸಲೀಸಾಗಿ ನಂಬಿದಳು. ಆ ಪಾತ್ರೆಯನ್ನು ಒಲೆಗಿಡಲು ಮಾತ್ರ ನನಗೆ ಕೈ ಬರಲಿಲ್ಲ.