ಮೀಟರಿನ ಕೆಂಪು ಮಿನುಗು

ಕರೆಂಟು ಉಳಿಸುವುದನ್ನು ಹೇಳಿಕೊಡಲು ಶಿರಸಿಯ ನಮ್ಮ ಕೇರಿಯಲ್ಲಿ ಮನೆಮನೆ ಸುತ್ತುತ್ತಿದ್ದ ನಾಲ್ಕೈದು ಜನರಿಗೆ ಒಬ್ಬ ನಿವೃತ್ತ ಮಾಸ್ತರರೇ ಹಿರಿಯರು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಲು ಹೇಳಿ, ಕನ್ನಡಕ ಹಣೆಗೇರಿಸಿ ಮೀಟರಿನ ಮುಂದೆ ನಿಲ್ಲುವರು. ಆಗಲೂ ಕೆಂಪು ದೀಪ ಮಿನುಗುತ್ತಿದ್ದರೆ, "ತಂಗೀ, ಎಂತದೋ ಕರೆಂಟು ಕದ್ದು ತಿಂತಾ ಇದ್ದು" ಎನ್ನುವರು.

"ಶಾಲೆ ಮಕ್ಕಳು ಹೆದರಿದ್ದಾತು, ಈಗ ಮೀಟರಿಗೂ ನಿಮ್ಮ ಹೆದರಿಕೆ" ಎಂದು ನಾನು ಕೆಣಕಿದರೆ ಮೀಸೆಯಲ್ಲೇ ನಗುವರು.

ಒಂದು ಭಾನುವಾರ ಎದುರು ಮನೆಯ ಅಕ್ಕ ಎಲ್ಲ ಆರಿಸಿದ್ದೇನೆಂದು ಅಡುಗೆಮನೆಯಿಂದಲೇ ಕೂಗಿದಳು. ಮಿನುಗು ಮಾತ್ರ ನಿಲ್ಲಲಿಲ್ಲ. ಯಾವ ಕೋಣೆಯದೆಂದು ತಿಳಿಯಲು ಮಾಸ್ತರರು ಮೀಟರಿನ ಕೆಳಗಿನ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿದರು. ಮೂರನೆಯದಕ್ಕೆ ನಿಂತಿತು. ಅಷ್ಟರಲ್ಲಿ ಒಳಗೆ ಏನೋ ಕೀರಲು ದನಿಯಲ್ಲಿ ಕೂಗಿಕೊಂಡಿತು.

"ಮಾಸ್ತರೇ, ಹಾಕಿ, ಇವ್ರ ಉಸಿರಿನ ಮಿಷನ್ನು" ಎನ್ನುತ್ತ ಅಕ್ಕ ಓಡಿಬಂದಳು.

ಗಂಡನನ್ನು ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಆಮ್ಲಜನಕದ ಯಂತ್ರದ ಜೊತೆ ಮನೆಗೆ ತಂದಿದ್ದರು. ಆ ಯಂತ್ರವನ್ನು ಅವಳು ಆರಿಸುವ ವಸ್ತುಗಳ ಸಾಲಿಗೆ ಸೇರಿಸಿಯೇ ಇರಲಿಲ್ಲ; ಮಾಸ್ತರರೂ ಕೇಳಿರಲಿಲ್ಲ. ಸ್ವಿಚ್ಚು ಮೇಲೇರಿತು, ಆತನ ಉಸಿರು ಸುಧಾರಿಸಿತು.

ತಿಂಗಳೊಪ್ಪತ್ತಿನಲ್ಲಿ ಆತ ಕಾಯಿಲೆಯಿಂದಲೇ ತೀರಿಕೊಂಡ. "ನಿಮ್ಮ ತಪ್ಪು ಎಂತದೂ ಇಲ್ಲೆ, ಮಾಸ್ತರೇ" ಎಂದು ಅಕ್ಕ ಎರಡು ಸಲ ಹೇಳಿದಳು. ಅವರು ಅವಳ ಮುಖ ನೋಡಲಿಲ್ಲ.

ಆಮೇಲೊಮ್ಮೆ ನಮ್ಮ ಮನೆಗೆ ಬಂದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಒಳಗೆ ಯಾರಾದ್ರೂ ಮಲಗಿದ್ವಾ?" ಎಂದರು.

"ಯಾರೂ ಇಲ್ಲೆ."

ಆದರೂ ಕೋಣೆಕೋಣೆ ಇಣುಕಿ ಬಂದರು. ಮೀಟರಿನ ಮುಂದೆ ಬಹಳ ಹೊತ್ತು ನಿಂತು, "ಇವತ್ತು ಬೇಡ, ತಂಗೀ, ಉರೀಲಿ ಬಿಡು" ಎಂದು ಚಪ್ಪಲಿ ಮೆಟ್ಟಿದರು.