ತುಪ್ಪದ ಮುದ್ದೆ ಎಂದ ದನಿ

ದೆವ್ವ, ಗಾಳಿ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ನಂಬುವುದಿರಲಿ, ಅವೆಲ್ಲ ಬೇರೆಯವರ ದನಿ ಅಣಕಿಸುವ ನನ್ನ ಕಸುಬಿನ ಸರಕು. ಹುಣಿಸೆಮರದ ಹಿಂದೆ ಕೂತು, ಸತ್ತುಹೋದ ಪಟೇಲರ ಕೆಮ್ಮನ್ನು ಕೆಮ್ಮಿ, ದಾರಿಹೋಕರ ಪಂಚೆ ಉದುರುವಂತೆ ಓಡಿಸಿದ್ದೇನೆ. ಹಾಗೆ ಓಡಿದವರಲ್ಲಿ ನಮ್ಮಪ್ಪನೂ ಒಬ್ಬರು. ಅದು ಅವರಿಗೆ ಇನ್ನೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾದೀತು. ಇಂಥವನು ಹೇಳುವುದನ್ನು ನಂಬಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಹೇಳಿಬಿಡುತ್ತೇನೆ.

ಅದು ಯುದ್ಧದ ಕಾಲ. ಅಕ್ಕ ಚೊಚ್ಚಲ ಬಾಣಂತನಕ್ಕೆ ದೊಡ್ಡಬೆಳವಂಗಲದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣುಮಗು. ಮೈ ಒಣಗಿದ ಸೀಗೆಕಾಯಿ, ಗಂಟಲು ಮಾತ್ರ ಅಮಲ್ದಾರರದು. ಹಗಲೂ ರಾತ್ರಿ ಅಳು. ಅಳುವಿಗೆ ಅಕ್ಕನಿಗೆ ನಿದ್ದೆಯಿಲ್ಲ, ನಿದ್ದೆಗೆಟ್ಟು ಹಾಲಿಲ್ಲ, ಹಾಲಿಲ್ಲದೆ ಮತ್ತೆ ಅಳು. ಅವ್ವ ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಸೊಪ್ಪು ಎಂದು ತಿನ್ನಿಸಿದ್ದೇ ತಿನ್ನಿಸಿದ್ದು. ಅಕ್ಕನ ಕಿವಿಗೆ ಹತ್ತಿ ತುರುಕಿ, ಮೇಲೊಂದು ಬಟ್ಟೆ ಬಿಗಿದಿದ್ದರು. ನಾನು ಅರಚಿದರೂ ಕೇಳಿಸದ ಅವಳಿಗೆ ಮಗು ಮಗ್ಗುಲು ತಿರುಗಿದ್ದು ಕೇಳಿಸುತ್ತಿತ್ತು.

ಒಮ್ಮೊಮ್ಮೆ ಮಗು ನಿದ್ದೆಗಣ್ಣಿನಲ್ಲಿ ನಗುತ್ತಿತ್ತು. ಆಗ ಅಕ್ಕನಿಗೆ ಆಯಾಸವೆಲ್ಲ ಮರೆತುಹೋಗುತ್ತಿತ್ತು. ‘ಲೇ, ಬಾರೋ ಬೇಗ, ನಗ್ತಾವ್ಳೆ!’ ಎಂದು ಕೂಗುವಳು. ನಾನು ಹೊಸಿಲಿಗೆ ಓಡಿ ಬರುವಷ್ಟರಲ್ಲಿ ನಗು ಮುಗಿದು ರಾಗ ಶುರುವಾಗಿರುತ್ತಿತ್ತು.

‘ನಿನ್ ಮುಖ ನೋಡಿ ಕಣೋ.’

‘ಸೋದರಮಾವನ ಹೋಲಿಕೆ ಬಂದೈತೆ ಅಂತ ಅಳ್ತಾವ್ಳೆ, ಬಿಡು.’

ಬಾಣಂತಿಗೆ ನೀರು ಹಾಕುವುದೆಂದರೆ ನಮ್ಮ ಕಡೆ ದೊಡ್ಡ ಕೆಲಸ. ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯ ನೀರು ಮುಗಿಯುವವರೆಗೂ ಸುರಿದು, ಕಂಬಳಿ ಹೊದಿಸಿ ಬೆವರಿಸಬೇಕು. ಮಗು ಅತ್ತಿತೆಂದು ನಡುವೆ ಎದ್ದು ಬರುವಂತಿಲ್ಲ. ಆ ಹೊತ್ತಿಗೆ ಮಗುವಿನ ಕಾವಲು ನನ್ನದು. ಬಾಣಂತಿ ಕೋಣೆಗೆ ಗಂಡಸರು ಕಾಲಿಡಬಾರದಲ್ಲ, ಅದಕ್ಕೆ ತೊಲೆಗೆ ಕಟ್ಟಿದ ಸೀರೆಯ ಜೋಲಿಗೆ ಹಗ್ಗ ಬಿಗಿದು, ತುದಿಯನ್ನು ಹೊಸಿಲಿನಾಚೆ ನನ್ನ ಕೈಗೆ ಕೊಟ್ಟಿದ್ದರು. ಬರೀ ತೂಗಿದರೆ ಆ ಮಗು ಬಗ್ಗುತ್ತಿರಲಿಲ್ಲ. ಆಗ ನಾನು ಅಕ್ಕನ ದನಿ ತೆಗೆದು ‘ಳಳಳಾಯೀ, ಜೋ ಜೋ’ ಎನ್ನುತ್ತಿದ್ದೆ. ಮಗು ತೆಪ್ಪಗಾಗುತ್ತಿತ್ತು. ಮೀಸೆ ಮೂಡುತ್ತಿದ್ದ ಹುಡುಗ ಹೊಸಿಲಲ್ಲಿ ಕೂತು ಹೆಂಗಸಿನ ದನಿಯಲ್ಲಿ ಲಾಲಿ ಹಾಡುವುದನ್ನು ನೋಡಲು ಬೀದಿಯವರು ಬರುತ್ತಿದ್ದರು. ಬರಲಿ, ನನಗೇನು.

ಅಷ್ಟರಲ್ಲಿ ಬೂದಿಗೆರೆಯಿಂದ ಅಕ್ಕನ ಅತ್ತೆ, ಪೆಟ್ರೋಲಿಲ್ಲದೆ ಇದ್ದಲ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತಾ ಬಂದಿಳಿದರು. ಕೆಟ್ಟ ಹೆಂಗಸಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಅದರ ಸೊರಗಿದ ಕೈಕಾಲು ಸವರಿ ನೋಡಿದರು.

‘ನೋಡಿ ಬೀಗ್ರೇ, ನಮ್ ದೊಡ್ ಸೊಸೆಗೂ ಹಸುಗೂಸು. ಅವಳಿಗೆ ಹಾಲು ಚೆಲ್ಲೋಗ್ತೈತೆ. ಕೂಸನ್ನ ನಾಳೆ ಬಸ್ಸಿಗೆ ನಾನು ಕರ್ಕೊಂಡೋಗ್ತೀನಿ. ಇವಳು ನಿಧಾನಕ್ಕೆ ಸುಧಾರಿಸ್ಕೊಂಡು ಬರ್ಲಿ,’ ಎಂದರು.

ಬೀಗರಿಗೆ ಇಲ್ಲವೆನ್ನಲಾಗದೆ ಅವ್ವ ಹೂಂ ಎಂದಳು. ಅಕ್ಕ ಬಾಗಿಲ ಸಂದಿಯಿಂದ ನನ್ನನ್ನು ಕರೆದು, ‘ಕೊಟ್ಬಿಟ್ರೆ ಅದು ನಮ್ ಓರಗಿತ್ತಿನೇ ಅವ್ವ ಅನ್ಕೊಂಡ್ಬಿಡ್ತದೆ ಕಣೋ,’ ಎಂದಳು. ನನಗೆ ತಮಾಷೆ ಮಾಡಬೇಕೆನಿಸಿತು, ಆದರೆ ಗಂಟಲಿರಲಿಲ್ಲ. ಹಿಂದಿನ ರಾತ್ರಿ ನಮ್ಮೂರ ನಾಟಕದ ತಾಲೀಮಿನಲ್ಲಿ ಬಾರದಿದ್ದವರ ಪಾತ್ರವನ್ನೆಲ್ಲ ನಾನೇ ಆಡಿ, ಭೀಮನ ಗರ್ಜನೆಯೂ ದ್ರೌಪದಿಯ ಗೋಳೂ ಒಂದೇ ಬಾಯಲ್ಲಿ ಹೊರಟು, ಬೆಳಗ್ಗೆ ಏಳುವಾಗ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಉಸಿರು ಬರುತ್ತಿತ್ತು, ದನಿ ಇಲ್ಲ.

ಆ ಇಳಿಹೊತ್ತು ಕಿವಿಯ ಕಟ್ಟು ಬಿಚ್ಚಿ ಅಕ್ಕನನ್ನು ಹಿತ್ತಲ ಬಚ್ಚಲಿಗೆ ಕರೆದೊಯ್ದರು. ಅತ್ತೆ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದರು. ನಾನು ಹಗ್ಗ ಹಿಡಿದೆ. ಮಗು ಎಚ್ಚರವಾಗಿ ಅಳತೊಡಗಿತು. ತೂಗಿದೆ, ಇನ್ನೂ ಜೋರಾಯಿತು. ಬಾಯಿ ತೆರೆದರೆ ಕಮ್ಮಾರನ ತಿದಿ ಒತ್ತಿದಂತೆ ಬರೀ ಗಾಳಿ. ಜಗಲಿಯಲ್ಲಿ ಅತ್ತೆ ‘ಅಯ್ಯೋ ಕೂಸೇ’ ಎಂದದ್ದು ಕೇಳಿಸಿತು.

ಆಗ ಕೋಣೆಯೊಳಗಿಂದ ಲಾಲಿ ಬಂತು. ‘ಳಳಳಾಯೀ, ಜೋ ಜೋ, ಉಣ್ಣೇ ನನ್ನ ತುಪ್ಪದ ಮುದ್ದೆ...’

ಅಕ್ಕನದೇ ದನಿ. ಹಿತ್ತಲ ಬಾಗಿಲಿಂದ ಯಾವಾಗ ಬಂದಳೋ ಎಂದುಕೊಂಡೆ. ಆದರೆ ಆ ಕೋಣೆಗೆ ಇದ್ದದ್ದು ನಾನು ಕೂತಿದ್ದ ಬಾಗಿಲೊಂದೇ. ಮತ್ತೆ ಕಿವಿಗೊಟ್ಟೆ. ಬೇರೆಯವರ ದನಿಯನ್ನು ಕದಿಯುವವನಿಗೆ ಕಿವಿಯೇ ಬಂಡವಾಳ. ನಿದ್ದೆಗೆಟ್ಟ ಆ ದಿನಗಳಲ್ಲಿ ಅಕ್ಕನ ಮಾತಿನಲ್ಲಿ ಒಂದು ನಡುಕವಿತ್ತು, ಎಣ್ಣೆ ಕಾಣದ ಗಾಡಿಯ ಕೀಲಿನ ಹಾಗೆ. ಈ ದನಿಯಲ್ಲಿ ಅದಿರಲಿಲ್ಲ. ಚೆನ್ನಾಗಿ ಉಂಡು, ನಿದ್ದೆಮಾಡಿ ಎದ್ದವಳ ದನಿ, ಕೊನೆಯಲ್ಲಿ ಒಂದಿಷ್ಟು ನಗು. ಕಟ್ಟುಪಾಡು ಮೀರಿ ಒಳಕ್ಕೆ ತಲೆ ಹಾಕಿದೆ. ಸಾಂಬ್ರಾಣಿ ಹೊಗೆ, ಜೋಲಿ, ಗೋಡೆಗೊರಗಿಸಿದ ಚಾಪೆ. ಯಾರೂ ಇಲ್ಲ. ದನಿ ಜೋಲಿಯ ಪಕ್ಕದಿಂದಲೇ ಬರುತ್ತಿತ್ತು. ಹಗ್ಗ ನನ್ನ ಕೈಯಿಂದ ಜಾರಿಹೋಗಿತ್ತು, ಜೋಲಿ ತೂಗುತ್ತಲೇ ಇತ್ತು. ಮಗು ಅಳು ನಿಲ್ಲಿಸಿತ್ತು.

ಅಕ್ಕ ಕೂದಲು ಒರೆಸಿಕೊಳ್ಳುತ್ತಾ ಬಂದಳು. ಹಿಂದೆ ಬಂದ ಅವ್ವ, ‘ಲಾಲಿ ಕೇಳ್ತಿದ್ದಂಗೇ ಇವಳ ಎದೆ ತೊಯ್ದೋಯ್ತು, ನಾ ಹಾಕಿದ ನೀರಲ್ಲ ಅದು!’ ಎಂದಳು. ಅಕ್ಕ ಮಗುವನ್ನು ಎತ್ತಿಕೊಂಡಳು. ಅದು ಹೊಟ್ಟೆ ಬಿರಿಯ ಕುಡಿದು ತೇಗಿತು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, ಕಣ್ಣೊರೆಸಿಕೊಂಡು, ಮರುದಿನ ಒಬ್ಬರೇ ಬಸ್ಸು ಹತ್ತಿದರು. ಹತ್ತುವ ಮುಂಚೆ ನನ್ನ ಬೆನ್ನು ತಟ್ಟಿ, ‘ಏನ್ ಹಾಡಿದ್ಯಪ್ಪಾ! ನಾನೂ ಸೊಸೆನೇ ಅಂದ್ಕೊಂಡ್ಬಿಟ್ಟಿದ್ದೆ,’ ಎಂದರು. ನಾನಲ್ಲ ಎಂದು ಕೈಬಾಯಿ ಸನ್ನೆ ಮಾಡಿದೆ. ಗಂಟಲು ಕಟ್ಟಿದ್ದೂ ನನ್ನದೊಂದು ವೇಷವೆಂದು ಎಲ್ಲರೂ ನಕ್ಕರು.

ನಾನೂ ಮರೆಯಲು ನೋಡಿದೆ. ಆಮೇಲೆ ಒಂದು ದಿನ, ಮಗು ಮಗುಚಿಕೊಳ್ಳಲು ಕಲಿತಿದ್ದ ಕಾಲ, ಅಕ್ಕ ಅಂಗಳದ ಬಿಸಿಲಿನಲ್ಲಿ ಅದರ ತೊಡೆಯ ಮಡಿಕೆಗಳನ್ನು ಬಿಡಿಸಿ ಎಣ್ಣೆ ಹಚ್ಚುತ್ತಿದ್ದಳು. ಸೀಗೆಕಾಯಿ ಆ ಹೊತ್ತಿಗೆ ಎರಡು ಕೈಗೂ ಸಿಗದಂತೆ ಊದಿತ್ತು. ಅಕ್ಕ ಬಗ್ಗಿ, ‘ಉಣ್ಣೇ ನನ್ನ ತುಪ್ಪದ ಮುದ್ದೆ’ ಎಂದಳು. ಅಂದು ಖಾಲಿ ಕೋಣೆಯಲ್ಲಿ ಕೇಳಿದ, ನಡುಕವಿಲ್ಲದ ಅದೇ ದನಿ. ಕೊನೆಯಲ್ಲಿ ಅದೇ ನಗು.

‘ಅಕ್ಕಾ, ಆ ಮಾತು ಎಲ್ಲಿಂದ ಬಂತು?’

‘ಈಗ ಬಾಯಿಗೆ ಬಂತು ಕಣೋ. ಯಾಕೆ, ಮುದ್ದೆ ಥರಾ ಇಲ್ವಾ?’

‘ಮತ್ತೆ ಆವತ್ತು ಲಾಲಿ ಹಾಡಿದ್ದು ಯಾರು?’

‘ನೀನೇ ಅಲ್ವೇನೋ, ಕೋತಿ!’

ಬಚ್ಚಲಲ್ಲಿ ಕೇಳಿದ ಮಾತು ಅವಳಿಗೇ ತಿಳಿಯದೆ ಮನಸ್ಸಿನಲ್ಲಿ ಉಳಿದಿತ್ತು ಎನ್ನೋಣವೇ? ಎನ್ನಬಹುದು. ಆದರೆ ಹಾಡಿದವರು ಯಾರು?

ಈಗ ಆ ಮಗು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತದೆ. ರಜಕ್ಕೆ ಬಂದಾಗ, ‘ಮಾವ, ಅವ್ವನ ಥರಾ ಮಾತಾಡು’ ಎಂದು ಪೀಡಿಸುತ್ತದೆ. ಅಕ್ಕ ಎಮ್ಮೆಗೆ ಬೈಯುವುದು, ಭಾವನಿಗೆ ಬೈಯುವುದು, ಎರಡಕ್ಕೂ ಇರುವ ಅಲ್ಪ ವ್ಯತ್ಯಾಸ, ಎಲ್ಲ ಮಾಡಿ ತೋರಿಸುತ್ತೇನೆ. ಅಕ್ಕನೂ ನಗುತ್ತಾಳೆ. ಆ ಒಂದು ಲಾಲಿಯನ್ನು ಮಾತ್ರ ಹಾಡುವುದಿಲ್ಲ. ಬಾರದೆಂದಲ್ಲ. ನಾಲಿಗೆಯ ತುದಿಯಲ್ಲೇ ಇದೆ. ಆದರೆ ಹಾಡಲು ಹೊರಟಾಗಲೆಲ್ಲ, ಗಂಟಲು ಕಟ್ಟಿದ ಹುಡುಗನೊಬ್ಬ ಹಗ್ಗ ಹಿಡಿದು ಹೊಸಿಲಾಚೆ ಕೂತು ಕಿವಿಗೊಟ್ಟಿದ್ದಾನೆ, ಆವತ್ತು ಅವನು ಕೇಳಿದ್ದು ಇದೇ ದನಿಯೇನೋ ಎನಿಸಿ, ಬಾಯಿ ಮುಚ್ಚಿಬಿಡುತ್ತೇನೆ.